ಗೋದಾವರಿಯ ದಕ್ಷಿಣಕ್ಕೆ ಕುರ್ಕಿಲಂಪಿ

ನಮ್ಮ ಅಡುಗೆಮನೆಯಲ್ಲಿ, ದೇವರ ಗೂಡಿನ ಪಕ್ಕಕ್ಕೆ, ಒಂದು ಪುಟ್ಟ ಬಾವುಟ ತೂಗುಹಾಕಿದ್ದೇನೆ. ಅಂಗೈಗಿಂತ ಸ್ವಲ್ಪ ಉದ್ದ, ಕೆಳಗೆ ಚೂಪಾಗಿ ಇಳಿದ ನೀಲಿ ಬಟ್ಟೆ, ನಡುವೆ ಒಂಟಿ ಕಾಲಿನಲ್ಲಿ ನಿಂತ ಬಿಳಿ ಕೊಕ್ಕರೆ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದ ಭಯ್ಯಾ ಅದನ್ನೇ ದಿಟ್ಟಿಸಿ, "ಮಾತಾಜಿ, ಯೇ ಕೌನ್‌ಸೀ ಪಾರ್ಟಿ ಕಾ ಝಂಡಾ ಹೈ?" ಅಂದ. ಯಾವ ಪಾರ್ಟಿಯದೂ ಅಲ್ಲಪ್ಪ, ನಮ್ಮ ಬೀಗರ ಊರಿನದು ಅಂದೆ. ಊರಿಗೊಂದು ಬಾವುಟ ಇಟ್ಟುಕೊಂಡಿದ್ದಾರೆ ಅಂದರೆ ದೊಡ್ಡ ರಾಜಮನೆತನದ ಸಂಬಂಧವೇ ಇರಬೇಕು ಅಂದುಕೊಂಡನೋ ಏನೋ, ಸಿಲಿಂಡರ್ ಇಳಿಸಿದವನೇ ಕೊಕ್ಕರೆಗೆ ಒಂದು ನಮಸ್ಕಾರ ಹಾಕಿ ಹೋದ. ಪಕ್ಕದಲ್ಲಿದ್ದ ಗಣಪತಿಗೆ ಹಾಕಲಿಲ್ಲ, ಅದನ್ನೂ ಗಮನಿಸಿದೆ.

ಆ ಭಯ್ಯಾನನ್ನು ಏನೆನ್ನಲಿ, ನಾನೂ ಮೊದಲ ಸಲ ನೋಡಿದಾಗ ಅದನ್ನು ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಅಂದುಕೊಂಡಿದ್ದೆ. ಹಾಗಂತ ಕೊಟ್ಟವರ ಎದುರಿಗೇ ಒಲೆ ಮೇಲಿನ ಸಾರಿನ ಪಾತ್ರೆಗೆ ಕೈ ಹಾಕಲು ಹೊರಟಿದ್ದೆ. ನನ್ನ ಮಗ ಓಡಿ ಬಂದು ಕಸಿದುಕೊಂಡ, ಸದ್ಯ.

ಕಥೆ ಶುರುವಾಗುವುದು ಈ ಮಗನಿಂದಲೇ. ಸುಹಾಸ ಹುಟ್ಟಿದ್ದು ದಿಲ್ಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಬೆಳೆದದ್ದು ಪೀತಮ್‌ಪುರದ ಈ ಫ್ಲ್ಯಾಟಿನಲ್ಲಿ. ಗುಡಗಾಂವಿನಲ್ಲಿ ಮೊಬೈಲ್ ಫೋನಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿ, ತರಬೇತಿಗೆಂದು ಅವನನ್ನು ಫಿನ್‌ಲೆಂಡಿಗೆ ಕಳಿಸಿದರು. ತರಬೇತಿ ಎಷ್ಟು ಆಯಿತೋ ಗೊತ್ತಿಲ್ಲ. ವಾಪಸು ಬಂದವನು ಒಂದು ಭಾನುವಾರ ನಾನು ದೋಸೆ ಹುಯ್ಯುವಾಗ ಹಿಂದೆ ನಿಂತು, "ಅಮ್ಮಾ, ಏಕ್ ಬಾತ್ ಹೇಳ್ಬೇಕು. ಟೆನ್ಷನ್ ತಗೋಬೇಡ" ಅಂದ. ಟೆನ್ಷನ್ ತಗೋಬೇಡ ಅಂದ ಮೇಲೆ ಯಾವ ತಾಯಿ ಸುಮ್ಮನಿದ್ದಾಳು, ನೀವೇ ಹೇಳಿ. ಹುಡುಗಿ ಹೆಸರು ಕೈಸಾ, ಅದೇ ಕಂಪನಿ, ಗುಡಗಾಂವಿಗೇ ವರ್ಗ ಮಾಡಿಸಿಕೊಂಡು ಬರುತ್ತಾಳೆ, ಇಷ್ಟು ಒಂದೇ ಉಸಿರಿನಲ್ಲಿ ಹೇಳಿದ. ನಾನು ದೋಸೆ ಮಗುಚಿ, ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೇ? "ಯಾವೂರು?"

"ಅಮ್ಮಾ, ಫಿನ್‌ಲೆಂಡ್ ಅಂದ್ನಲ್ಲ!"

"ಅದು ದೇಶ ಆಯ್ತು. ಊರು ಯಾವುದೋ?"

ಇದೊಂದು ಚಟ ನಮ್ಮ ಜನಕ್ಕೆ. ದಿಲ್ಲಿಯ ಬಸ್ಸಿನಲ್ಲಿ ಯಾರಾದರೂ ಫೋನಿನಲ್ಲಿ ಕನ್ನಡ ಮಾತಾಡುವುದು ಕಿವಿಗೆ ಬಿದ್ದರೆ ಸಾಕು, ಹೆಸರು ಕೇಳುವುದಕ್ಕೆ ಮೊದಲು ಊರು ಕೇಳುತ್ತೇವೆ. ಅವರು ಬೆಂಗಳೂರು ಅಂದರೆ ನಮಗೆ ಸಮಾಧಾನ ಇಲ್ಲ. "ಅದು ಸರಿ, ಮೂಲ ಯಾವೂರು?" ಅಂತ ಕೆದಕುತ್ತೇವೆ. ಯಾವುದೋ ಹೋಬಳಿ, ಅದರ ಕೆಳಗಿನ ಯಾವುದೋ ಹಳ್ಳಿಯವರೆಗೆ ಇಳಿದ ಮೇಲೇ ನಮಗೆ ಉಸಿರು ಸಲೀಸಾಗುವುದು. ಆ ಹಳ್ಳಿಯನ್ನು ನಾವು ಕಂಡಿರುವುದಿಲ್ಲ, ಕಾಣುವುದೂ ಇಲ್ಲ, ಅದು ಬೇರೆ ಮಾತು.

ಚಿಕ್ಕಂದಿನಲ್ಲೇ ಅಂಟಿಕೊಂಡ ರೋಗ ಇರಬೇಕು. ತಿಪಟೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಹೊಸ ಪಠ್ಯಪುಸ್ತಕ ಕೈಗೆ ಬಂತೆಂದರೆ, ಬೈಂಡಿನ ವಾಸನೆ ಮೂಸಿ ಮುಗಿಸುವಷ್ಟರಲ್ಲಿ ಮೊದಲ ಪುಟದಲ್ಲಿ ವಿಳಾಸ ಬರೆಯುತ್ತಿದ್ದೆವು. ಹೆಸರು, ತಂದೆಯ ಹೆಸರು, ಬೀದಿ, ಊರು, ಅಂಚೆ, ತಾಲ್ಲೂಕು, ಜಿಲ್ಲೆ, ರಾಜ್ಯ, ಭಾರತ, ಏಷ್ಯಾ, ಭೂಮಿ. ಭೂಮಿ ಆದಮೇಲೂ ಜಾಗ ಉಳಿದರೆ ಸೌರಮಂಡಲ. ಪುಸ್ತಕ ಕಳೆದುಹೋಗಿ ಯಾವುದಾದರೂ ಬೇರೆ ಗ್ರಹದವರ ಕೈಗೆ ಸಿಕ್ಕಿದರೂ ವಾಪಸು ತಂದುಕೊಡಲಿ ಅನ್ನುವ ಮುಂದಾಲೋಚನೆ. ಮನೆಯಲ್ಲಿ ಅಪ್ಪ ಸಂಧ್ಯಾವಂದನೆಗೆ ಕೂತರೆ ಅವರದೂ ಅದೇ ಕೆಲಸ. ಸಂಕಲ್ಪ ಮಾಡುವಾಗ ತಾನು ಕೂತ ಜಾಗದ ವಿಳಾಸವನ್ನು ದೇವರಿಗೆ ಹೇಳಬೇಕಲ್ಲ, ಜಂಬೂದ್ವೀಪದಿಂದ ಶುರುಮಾಡಿ ಭರತಖಂಡಕ್ಕೆ ಇಳಿದು, ಗೋದಾವರಿಯ ದಕ್ಷಿಣ ತೀರಕ್ಕೆ ಬಂದು ನಿಲ್ಲುತ್ತಿದ್ದರು. ನನ್ನದು ಕೆಳಗಿನಿಂದ ಮೇಲಕ್ಕೆ, ಅವರದು ಮೇಲಿನಿಂದ ಕೆಳಕ್ಕೆ.

ಈ ಗೋದಾವರಿಯ ವಿಷಯಕ್ಕೇ ನಮ್ಮ ಮನೆಯಲ್ಲಿ ವರ್ಷಾನುಗಟ್ಟಲೆ ಒಂದು ವ್ಯಾಜ್ಯ ನಡೆದಿತ್ತು. ದಿಲ್ಲಿಯ ಕನ್ನಡದವರ ಮನೆಗಳಿಗೆಲ್ಲ ಪೂಜೆಗೆ ಬರುತ್ತಿದ್ದ ಅನಂತ ಭಟ್ಟರು ಮೂಲ ಕುಂದಾಪುರದ ಕಡೆಯವರು. ಪಂಚೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಶಾಲು, ಕೈಯಲ್ಲಿ ದರ್ಭೆಯ ಚೀಲ, ಮೆಟ್ರೋದಲ್ಲಿ ಬಂದು ಇಳಿಯುತ್ತಿದ್ದರು. ಸಂಕಲ್ಪಕ್ಕೆ ಬಂದಾಗ ಅವರು ತಮ್ಮೂರಿನಲ್ಲಿ ಕಲಿತಂತೆ "ಗೋದಾವರ್ಯಾಃ ದಕ್ಷಿಣೇ ತೀರೇ" ಅಂದುಬಿಡುತ್ತಿದ್ದರು. ಕೂಡಲೇ ನಮ್ಮನೆಯವರು ತಡೆಯುತ್ತಿದ್ದರು. ಅವರು ಸಚಿವಾಲಯದಲ್ಲಿ ಅಂಡರ್ ಸೆಕ್ರೆಟರಿ. ಕಡತದಲ್ಲಿ ಅಲ್ಪವಿರಾಮ ಜಾಗ ತಪ್ಪಿದರೂ ನಿದ್ದೆ ಬಾರದ ಮನುಷ್ಯ.

"ಭಟ್ಟರೇ, ನಾವು ಕೂತಿರೋದು ಯಮುನೆಯ ಪಶ್ಚಿಮಕ್ಕೆ. ಗೋದಾವರಿ ಇಲ್ಲೆಲ್ಲಿ ಬಂತು?"

"ಸ್ವಾಮೀ, ನಾನು ಕಲಿತದ್ದರಲ್ಲಿ ಒಂದಕ್ಷರ ಆಚೀಚೆ ಮಾಡುವವನಲ್ಲ. ದೇವರಿಗೆ ನಿಮ್ಮ ಮನೆ ಗೊತ್ತುಂಟು, ನೀವು ನೀರು ಬಿಡಿ."

ನೀರು ಬಿಡುವುದರೊಳಗೆ ಪೂಜೆಯ ಅರ್ಧ ಹೊತ್ತು ಹೋಗುತ್ತಿತ್ತು. ಸತ್ಯನಾರಾಯಣನಿಗೆ ನೈವೇದ್ಯದ ಸಪಾದಭಕ್ಷ್ಯ ತಣ್ಣಗಾಗುತ್ತಿತ್ತು. ನಾನು ಇಬ್ಬರನ್ನೂ ಮನಸ್ಸಿನಲ್ಲೇ ಬೈದುಕೊಂಡು ಕೂತಿರುತ್ತಿದ್ದೆ.

ಸರಿ, ಸುಹಾಸ ಕೊನೆಗೆ ಊರು ಹೇಳಿದ. ಕುರ್ಕಿಲಂಪಿ. ಕೆರೆ, ಸುತ್ತ ಕಾಡು, ಒಂದು ಚರ್ಚು, ಒಂದು ಪುರಸಭೆ. ಕೈಸಾಳ ತಾಯಿ ಹೆಲ್ವಿ ಆ ಪುರಸಭೆಯ ಲೈಬ್ರರಿಯಲ್ಲಿ, ತಂದೆ ಎಯ್ನೋ ಅದೇ ಪುರಸಭೆಯ ಹಿಮ ತಳ್ಳುವ ಗಾಡಿಯ ಡ್ರೈವರ್. ನನಗೆ ಹಿಡಿಸಿತು. ನಮ್ಮದೂ ಸರ್ಕಾರಿ ನೌಕರಿಯ ಮನೆಯೇ ತಾನೆ. ಬೀಗಿತ್ತಿಗೆ ಸುಹಾಸನ ಕೈಲಿ ಇ-ಮೇಲ್ ಬರೆಸಿದೆ, ಅವರು ಕೈಸಾಳ ಕೈಲಿ ಉತ್ತರ ಬರೆಸಿದರು. ಉತ್ತರದ ಕೊನೆಯಲ್ಲಿ ಅವರು ಕೇಳಿದ್ದು ಒಂದೇ. ಮದುವೆಯನ್ನು ಈ ವರ್ಷ ಮುಗಿಯುವ ಮೊದಲು ಇಟ್ಟುಕೊಳ್ಳಬಹುದೇ? ಯಾಕೆಂದರೆ ಹೊಸ ವರ್ಷದ ದಿನದಿಂದ ಅವರ ಪುರಸಭೆ ಇರುವುದಿಲ್ಲ, ಪಕ್ಕದ ಪಟ್ಟಣದೊಳಗೆ ಸೇರಿಸಿಬಿಡುತ್ತಾರೆ. ಮಗಳು ಕುರ್ಕಿಲಂಪಿಯ ಹುಡುಗಿಯಾಗಿಯೇ ಮದುವೆಯಾಗಲಿ ಅಂತ ಅವರ ಆಸೆ.

ನನಗೆ ಅಯ್ಯೋ ಅನ್ನಿಸಿತು. ನಮ್ಮನೆಯವರಿಗೂ ಅನ್ನಿಸಿತು. ಆದರೆ ಏನು ಮಾಡುವುದು, ಮಕ್ಕಳಿಬ್ಬರಿಗೂ ರಜೆ ಸಿಗುವುದು ಡಿಸೆಂಬರಿನ ನಡುವಿನಿಂದ, ಅಷ್ಟರಲ್ಲಿ ಧನುರ್ಮಾಸ ಕಾಲಿಟ್ಟಿರುತ್ತದೆ. ಧನುರ್ಮಾಸದಲ್ಲಿ ಹುಗ್ಗಿ ಮಾಡಬಹುದೇ ಹೊರತು ಮದುವೆ ಮಾಡುವಂತಿಲ್ಲ. ಆ ದೇಶದವರಿಗೆ ಧನುರ್ಮಾಸ ಅಂದರೇನು ಅಂತ ಇ-ಮೇಲ್‌ನಲ್ಲಿ ಬಿಡಿಸಿ ಹೇಳಲು ಸುಹಾಸ ಒಂದು ಸಂಜೆ ಒದ್ದಾಡಿದ. "ಆಗಲಿ" ಅಂತ ಒಂದೇ ಮಾತಿನ ಉತ್ತರ ಬಂತು. ಮದುವೆ ಜನವರಿಯ ಕೊನೆಗೆ ಗೊತ್ತಾಯಿತು. ಎರಡು ಸಾವಿರದ ಎಂಟು ಮುಗಿದು ಒಂಬತ್ತು ಹುಟ್ಟಿದ ಚಳಿಗಾಲ ಅದು.

ಬೀಗರು ಬಂದಿಳಿದರು. ಹೆಲ್ವಿ ಎತ್ತರದ ಹೆಂಗಸು, ಬೆಳ್ಳಗಿನ ಗುಂಗುರು ಕೂದಲು. ಎಯ್ನೋ ಇನ್ನೂ ಎತ್ತರ. ನಮ್ಮ ಬಾಗಿಲಿಗೆ ಎರಡು ಸಲ ಹಣೆ ಹೊಡೆಸಿಕೊಂಡರೂ ಬಾಯಿಂದ ಒಂದು ಮಾತು ಬರಲಿಲ್ಲ. ನಮ್ಮ ಕಡೆಯವರಾಗಿದ್ದರೆ ಬಾಗಿಲು ಕಟ್ಟಿದ ಮೇಸ್ತ್ರಿಯ ವಂಶವನ್ನೇ ಎತ್ತಿ ಆಡುತ್ತಿದ್ದರು. ನಾನು ಆರತಿ ಎತ್ತಿ, ಫಿಲ್ಟರ್ ಕಾಫಿ ಕೊಟ್ಟೆ. ಒಂದು ಲೋಟ ಕುಡಿದು ಇನ್ನೊಂದು ಕೇಳಿದರು, ಆಮೇಲೆ ಮತ್ತೊಂದು. ಅಬ್ಬಾ, ಸಂಬಂಧ ಕುದುರಿತು ಅಂದುಕೊಂಡೆ. ಹೆಲ್ವಿ ತಾವು ಬೇಯಿಸಿ ತಂದ ಬನ್ನು ಕೊಟ್ಟರು, ಮುರಿದರೆ ಘಮ್ಮೆಂದು ಏಲಕ್ಕಿ ವಾಸನೆ! ಆ ಹಿಮದ ಊರಿನಲ್ಲಿ ಏಲಕ್ಕಿಯೇ ಅಂದರೆ, ಏಲಕ್ಕಿ ಇಲ್ಲದೆ ಬನ್ನು ಹೇಗೆ ಮಾಡುವುದು ಅಂತ ನನ್ನನ್ನೇ ಕೇಳಿದರು. ಆಮೇಲೆ ಆ ಕೊಕ್ಕರೆಯ ಬಾವುಟ ಕೊಟ್ಟರು. ಸಾರಿನ ಪಾತ್ರೆಯ ಪ್ರಸಂಗ ನಡೆದದ್ದು ಆವಾಗಲೇ.

ಎಲ್ಲ ಚೆನ್ನಾಗಿಯೇ ಇತ್ತು, ನಮ್ಮನೆಯವರು ಸಂಭ್ರಮದಿಂದ ಮದುವೆಯ ಕರೆಯೋಲೆ ತಂದು ತೋರಿಸುವವರೆಗೆ. ಒಂದು ಕಡೆ ಕನ್ನಡ, ಒಂದು ಕಡೆ ಇಂಗ್ಲಿಷ್. ನಮ್ಮ ಕರೆಯೋಲೆಯಲ್ಲಿ ತಂದೆತಾಯಿ ಹೆಸರಿನ ಪಕ್ಕ ಊರು ಹಾಕದಿದ್ದರೆ ಅದು ಕರೆಯೋಲೆಯೇ ಅಲ್ಲ. ಹೆಲ್ವಿ ಕನ್ನಡಕ ಹಾಕಿಕೊಂಡು ಓದಿದರು. ಅವರ ಹೆಸರಿನ ಪಕ್ಕ ಆ ಪಟ್ಟಣದ ಹೆಸರಿತ್ತು. ಕುರ್ಕಿಲಂಪಿಯನ್ನು ನುಂಗಿದ ಪಟ್ಟಣ.

"ಮದುವೆಯ ದಿನಕ್ಕೆ ಇದೇ ಅಧಿಕೃತ ಹೆಸರು. ನಾನು ಇಂಟರ್‌ನೆಟ್ಟಿನಲ್ಲಿ ನೋಡಿ ಖಚಿತಪಡಿಸಿಕೊಂಡೆ" ಅಂತ ನಮ್ಮನೆಯವರು ಹೆಮ್ಮೆಯಿಂದ ಇಂಗ್ಲಿಷಿನಲ್ಲಿ ವಿವರಿಸಿದರು.

ಹೆಲ್ವಿ ಕನ್ನಡಕ ತೆಗೆದು ಪೆಟ್ಟಿಗೆಯಲ್ಲಿಟ್ಟರು. "ಹೌದು, ಸರಿಯಾಗಿದೆ" ಅಂದರು. ಎದ್ದು ಕೋಣೆಗೆ ಹೋದರು. ಸಂಜೆ ಕಾಫಿಗೆ ಕರೆದರೂ ಬರಲಿಲ್ಲ.

ಮದುವೆಯಲ್ಲಿ ಮುನಿಸಿಕೊಳ್ಳುವ ಹಕ್ಕು ಗಂಡಿನ ಕಡೆಯವರದು, ಹೌದಲ್ಲವೇ. ನನ್ನ ಮದುವೆಯಲ್ಲಿ ನಮ್ಮತ್ತೆ ಪಾಯಸಕ್ಕೆ ದ್ರಾಕ್ಷಿ ಕಡಿಮೆ ಅಂತ ಮುನಿಸಿಕೊಂಡಾಗ ಅಪ್ಪ ಕೈಮುಗಿದು ಕರೆತಂದಿದ್ದರು. ನಾನೂ ಬೀಗಿತ್ತಿಯಾದಾಗ ಒಂದು ಸಲವಾದರೂ ಹಾಗೆ ಮುನಿಸಿಕೊಳ್ಳಬೇಕು ಅಂತ ಆಸೆ ಇಟ್ಟುಕೊಂಡಿದ್ದವಳು ನಾನು. ಈಗ ನೋಡಿದರೆ ಹೆಣ್ಣಿನ ಕಡೆಯ ಬೀಗಿತ್ತಿ ಮುನಿದು ಕೂತಿದ್ದಾರೆ, ಕರೆತರುವ ಪಾಳಿ ನನ್ನದು! ಅದೂ ದ್ರಾಕ್ಷಿಯ ವಿಷಯವಾಗಿದ್ದರೆ ಒಂದು ಹಿಡಿ ಹಾಕಿಬಿಡಬಹುದಿತ್ತು. ಇದು ಊರಿನ ವಿಷಯ. ನನಗೆ ಸಂಕಟವಾಯಿತು. "ಒಂದು ಊರಿನ ಹೆಸರು ಬರೆಯೋಕೆ ನಿಮಗೆ ಸರ್ಕಾರದ ಅಪ್ಪಣೆ ಬೇಕಿತ್ತಾ?" ಅಂತ ನಮ್ಮನೆಯವರ ಮೇಲೆ ಹರಿಹಾಯ್ದೆ. ಅವರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, "ತಪ್ಪೇನೂ ಇಲ್ಲವಲ್ಲೇ ಇದರಲ್ಲಿ" ಅಂದರು. ಅವರ ದನಿ ಮಾತ್ರ ಇಳಿದಿತ್ತು.

ಮರುದಿನ ಚಕ್ಕುಲಿಗೆ ಹಿಟ್ಟು ಕಲಸಿಕೊಂಡು ಹೆಲ್ವಿಯನ್ನು ಅಡುಗೆಮನೆಗೆ ಕರೆದೆ. ಕೈಗೆ ಕೆಲಸ ಕೊಟ್ಟರೆ ಬಾಯಿ ತಾನಾಗಿ ಬಿಡುತ್ತದೆ, ಅದು ಯಾವ ದೇಶದ ಹೆಂಗಸಾದರೂ ಅಷ್ಟೇ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ದರ್ಜೆಯವು, ಹಾಗಾಗಿ ನಮ್ಮಿಬ್ಬರಿಗೂ ಒಬ್ಬರದೊಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಒರಳು ಒತ್ತುತ್ತಾ ಅವರು ಕುರ್ಕಿಲಂಪಿಯ ಕಥೆ ಹೇಳತೊಡಗಿದರು. ಮೊದಲು ಬಂದವರು ಕಾಡು ಸುಟ್ಟು ರಾಗಿಯಂಥದೊಂದು ಧಾನ್ಯ ಬಿತ್ತಿದರಂತೆ. ಬೆಳೆ ಹೋದ ವರ್ಷಗಳಲ್ಲಿ ಮರದ ತೊಗಟೆ ಅರೆದು ರೊಟ್ಟಿ ಮಾಡಿ ತಿಂದರಂತೆ. ಯುದ್ಧದಲ್ಲಿ ಗಡಿಯ ಆಚೆ ಊರು ಕಳೆದುಕೊಂಡವರು ಹಸುಗಳನ್ನು ಹೊಡೆದುಕೊಂಡು ಬಂದಾಗ ಪ್ರತಿ ಮನೆಯವರೂ ಒಂದೊಂದು ಕೋಣೆ ಬಿಟ್ಟುಕೊಟ್ಟರಂತೆ. ಹೆಲ್ವಿಯ ತಾಯಿ ಹಾಗೆ ಬಂದವಳು. ಆಮೇಲೆ ಒಳ್ಳೆಯ ಕಾಲ, ಹಾಲಿನ ಡೇರಿ, ಶಾಲೆ, ಲೈಬ್ರರಿ. ಆಮೇಲೆ ಹುಡುಗರು ಕೆಲಸ ಹುಡುಕಿಕೊಂಡು ದಕ್ಷಿಣಕ್ಕೆ ಹೋದರು. ಡೇರಿ ಮುಚ್ಚಿತು, ಶಾಲೆಯಲ್ಲಿ ಮಕ್ಕಳು ಕಡಿಮೆಯಾದರು, ಬ್ಯಾಂಕಿದ್ದ ಜಾಗದಲ್ಲಿ ಪಿಜ್ಜಾ ಅಂಗಡಿ ಬಂತು. ಪುರಸಭೆಯವರು ತಾವೇ ಕೈಯೆತ್ತಿ, ನಮ್ಮಿಂದಾಗದು, ಪಟ್ಟಣದೊಳಗೆ ಸೇರಿಸಿಕೊಳ್ಳಿ ಅಂದರು.

"ಯಾರೂ ಜಗಳ ಆಡಲಿಲ್ಲವೇ?" ಅಂದೆ.

"ಇಲ್ಲ. ಎಲ್ಲರೂ ಬುದ್ಧಿವಂತರು, ಲೆಕ್ಕ ಸರಿಯಾಗಿಯೇ ಇತ್ತು" ಅಂದರು ಹೆಲ್ವಿ. ಕೊನೆಯ ಸಭೆಗೆ ಊರಿಗೆ ಊರೇ ಬಂದಿತ್ತಂತೆ. ಕಾಫಿ, ಕೇಕು. ಕೊನೆಗೆ ಅಧ್ಯಕ್ಷರು ಎದ್ದು, ಕುರ್ಕಿಲಂಪಿ ಪುರಸಭೆ ಅಂತ ಒಂದು ಸಲ ಗಟ್ಟಿಯಾಗಿ ಓದಿದರು. ಯಾರೂ ಹೇಳದೆಯೇ ಎಲ್ಲರೂ ಎದ್ದು ನಿಂತರು, ಗಂಡಸರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಆಮೇಲೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ, ದೀಪ ಆರಿಸಿ, ಮನೆಗೆ ಹೋದರು. "ಆ ಹೆಸರನ್ನು ಇನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಕೈಸಾಳ ಮದುವೆಯಲ್ಲಾದರೂ ಒಂದು ಸಲ ಕೇಳಿಸುತ್ತದೆ ಅಂದುಕೊಂಡಿದ್ದೆ." ಹೀಗೆಂದು ಅವರು ಚಕ್ಕುಲಿಯ ತುದಿಯನ್ನು ಬೆರಳಿನಿಂದ ಅಂಟಿಸಿದರು, ನನಗಿಂತ ಚೆನ್ನಾಗಿ.

ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ ಎಯ್ನೋ ಅವತ್ತು ಮೊದಲ ಸಲ ಬಾಯಿ ತೆರೆದರು. "ಹಿಮ ಅದೇ, ಗಾಡಿ ಅದೇ. ಸ್ಟಿಕ್ಕರ್ ಬೇರೆ." ಅಷ್ಟು ಹೇಳಿ ಒಂದು ಬಿಸಿ ಚಕ್ಕುಲಿ ಎತ್ತಿಕೊಂಡು ಹೋದರು. ಅವರ ಮಟ್ಟಿಗೆ ಅದು ಭಾಷಣ.

ಆ ಮಧ್ಯಾಹ್ನವೇ ಹೆಲ್ವಿಯನ್ನು ಹೊರಗೆ ಕರೆದುಕೊಂಡು ಹೋದೆ. ನಮ್ಮ ಮಾರ್ಕೆಟ್ಟಿನ ಹಿಂದಿನ ಗಲ್ಲಿಗೆ ತಿರುಗಿದರೆ ಹಳೆಯ ಪೀತಮ್‌ಪುರ ಹಳ್ಳಿ ಸಿಗುತ್ತದೆ. ಬ್ಯೂಟಿ ಪಾರ್ಲರ್, ಮೊಬೈಲ್ ರೀಚಾರ್ಜ್ ಅಂಗಡಿ ದಾಟಿದರೆ ಇದ್ದಕ್ಕಿದ್ದಂತೆ ಎಮ್ಮೆ, ಬೆರಣಿ, ಹುಕ್ಕಾ ಸೇದುತ್ತಾ ಕೂತ ಮುದುಕರು. ಬಿಸಿಲಿಗೆ ಮಂಚ ಹಾಕಿಕೊಂಡು ಕೂತಿದ್ದ ಒಬ್ಬ ಅಜ್ಜಿ ಹೆಲ್ವಿಯ ಕೂದಲನ್ನು ಮುಟ್ಟಿ ನೋಡಿ, ಪಕ್ಕದಲ್ಲಿ ಕೂರಿಸಿಕೊಂಡಳು. ನಾನು ನನ್ನ ಹರಕು ಹಿಂದಿಯಲ್ಲಿ ವಿಷಯ ತಿಳಿಸಿದೆ. ಇವರ ಊರು ಪಟ್ಟಣದೊಳಗೆ ಹೋಗಿಬಿಟ್ಟಿತು, ಅದಕ್ಕೆ ಬೇಜಾರು. ಅಜ್ಜಿ ಕೈ ಆಡಿಸಿದಳು.

"ಅರೇ, ಹಮ್ ಕಹಾಂ ಗಯೇ? ದಿಲ್ಲಿ ಆಈ ಹೈ ಹಮಾರೇ ಗಾಂವ್ ಮೇ!"

ನಾವೆಲ್ಲಿ ಹೋದೆವು, ದಿಲ್ಲಿಯೇ ನಮ್ಮ ಹಳ್ಳಿಗೆ ಬಂತು ಅಂತ. ಹೆಲ್ವಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಮೊದಲ ಸಲ ಬಾಯಿತುಂಬ ನಕ್ಕರು. ವಾಪಸು ಬರುವಾಗ, "ಆ ಅಜ್ಜಿಯ ಊರಿಗೆ ಇನ್ನೂ ಹೆಸರಿದೆ, ನಿಮ್ಮ ಮನೆಯ ವಿಳಾಸದಲ್ಲೇ ಇದೆ" ಅಂದರು. ನಗುತ್ತಲೇ ಅಂದರು, ಆದರೂ ನನಗೆ ಚುರುಕ್ಕೆಂದಿತು. ಕಾರ್ಡು ಆಗಲೇ ಹಂಚಿಯಾಗಿತ್ತು. ಮದುವೆಯಲ್ಲಿ ಆ ಹೆಸರನ್ನು ಎಲ್ಲಾದರೂ ಒಂದು ಕಡೆ ಹೇಳಿಸಲೇಬೇಕು ಅಂತ ಅಂದೇ ಹಟ ಹಿಡಿದೆ.

ಅನಂತ ಭಟ್ಟರು ಮದುವೆಯ ವಿವರ ಕೇಳಲು ಬಂದರು. ಕನ್ಯಾದಾನದ ಹೊತ್ತಿಗೆ ಎರಡೂ ಕಡೆಯ ಮೂರು ತಲೆಮಾರಿನ ಹೆಸರು ಬೇಕು. ಹೆಲ್ವಿ ಗಂಡನ ಕಡೆಯ ಅಪ್ಪ, ಅಜ್ಜ, ಮುತ್ತಜ್ಜನ ಹೆಸರುಗಳನ್ನು ಪಟಪಟ ಹೇಳಿದರು. ನಮ್ಮನೆಯವರು ಮುತ್ತಾತನ ಹೆಸರಿಗೆ ಬಂದು ತಡವರಿಸಿ, ತಿಪಟೂರಿನಲ್ಲಿದ್ದ ಅಣ್ಣನಿಗೆ ಫೋನ್ ಹಚ್ಚಿದರು.

"ಹುಡುಗಿಯ ಗೋತ್ರ?" ಅಂದರು ಭಟ್ಟರು, ತಾವೇ ಉತ್ತರವನ್ನೂ ಹೇಳಿದರು. "ಇರ್ಲಿಕ್ಕಿಲ್ಲ. ಗೋತ್ರ ಇಲ್ಲದವರಿಗೆ ಕಾಶ್ಯಪ ಹಾಕುವುದುಂಟು. ಎಲ್ಲರೂ ಕಶ್ಯಪನ ಮಕ್ಕಳೇ."

ಏನು ಕೇಳುತ್ತಿದ್ದಾರೆ ಅಂದರು ಹೆಲ್ವಿ. ಗೋತ್ರವನ್ನು ಇಂಗ್ಲಿಷಿನಲ್ಲಿ ಹೇಳುವುದೆಂದರೆ ಧನುರ್ಮಾಸಕ್ಕಿಂತ ಕಷ್ಟ. ನನಗೆ ತಿಳಿದ ಹಾಗೆ ಹೇಳಿದೆ. ಅದು ಮನೆತನದ ಹೆಸರಿಗಿಂತ ಹಳೆಯದು. ನಮ್ಮ ಹಿಂದಿನವರೆಲ್ಲ ಒಂದೇ ಕಡೆಯವರು ಅನ್ನುವ ಗುರುತು. ಆ ಋಷಿಯನ್ನು ಯಾರೂ ನೋಡಿಲ್ಲ, ಅವನ ಆಶ್ರಮ ಎಲ್ಲಿತ್ತೋ ಯಾರಿಗೂ ಗೊತ್ತಿಲ್ಲ.

"ಅಂದರೆ ಈಗ ಇಲ್ಲದ್ದು?"

"ಈಗ ಇಲ್ಲದ್ದು."

"ಆದರೂ ಹೇಳುತ್ತೀರಾ?"

"ಹೇಳದೆ ಮದುವೆಯೇ ಆಗುವುದಿಲ್ಲ."

ಹೆಲ್ವಿ ಭಟ್ಟರ ಕಡೆ ತಿರುಗಿ, ಸ್ಪಷ್ಟವಾಗಿ, "ಕುರ್ಕಿಲಂಪಿ" ಅಂದರು.

ಭಟ್ಟರು ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದರು. "ಋಷಿಯ ಹೆಸರಾ ಅಮ್ಮ?"

ಹೌದು ಅಂದುಬಿಡೋಣ ಅಂತ ನಾಲಗೆಯ ತುದಿಗೆ ಬಂದಿತ್ತು. ದೇವರ ಕೆಲಸದಲ್ಲಿ ಸುಳ್ಳು ಬೇಡ ಅನ್ನಿಸಿ, ಊರಿನ ಹೆಸರು, ಆ ಊರು ಈಗ ಇಲ್ಲ ಅಂದೆ. ಭಟ್ಟರು ತಲೆ ಆಡಿಸಿದರು. "ಆಗುವುದಿಲ್ಲ. ಊರು ಗೋತ್ರ ಆಗುವುದು ಹೇಗೆ? ಕಲಿತದ್ದರಲ್ಲಿ ಒಂದಕ್ಷರ ನಾನು ಬದಲು ಮಾಡುವವನಲ್ಲ, ನಿಮ್ಮ ಯಜಮಾನರಿಗೇ ಗೊತ್ತುಂಟಲ್ಲ." ಹೆಲ್ವಿಗೆ ಭಾಷೆ ಬಾರದಿದ್ದರೂ ತಲೆಯಾಡಿಸಿದ್ದು ಅರ್ಥವಾಯಿತು. "ಪರವಾಗಿಲ್ಲ" ಅಂದು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಪರವಾಗಿಲ್ಲ ಅನ್ನುವವರ ಮುಖ ನನಗೆ ಗೊತ್ತು, ಅದಕ್ಕಿಂತ ಬೈದುಬಿಟ್ಟರೆ ವಾಸಿ.

ಭಟ್ಟರನ್ನು ಮೆಟ್ರೋ ಸ್ಟೇಷನ್ನಿಗೆ ಬಿಡಲು ನಮ್ಮನೆಯವರು ಹೊರಟರು. ಎಂದೂ ಹೋಗದವರು ಅವತ್ತು ಹೋದರು. ತುಂಬ ಹೊತ್ತಾದ ಮೇಲೆ ಮಫ್ಲರ್ ಬಿಚ್ಚುತ್ತಾ ಒಳಗೆ ಬಂದರು.

"ಏನು ಮಾತಾಡಿದಿರಿ ಅಷ್ಟು ಹೊತ್ತು?"

"ಒಂದು ಒಪ್ಪಂದ. ನೀವು ಆ ಊರಿನ ಹೆಸರು ಹೇಳಿ, ಇನ್ನು ನನ್ನ ಜೀವಮಾನದಲ್ಲಿ ನಿಮ್ಮೆದುರಿಗೆ ಯಮುನೆಯ ಮಾತೆತ್ತೋದಿಲ್ಲ ಅಂದೆ."

ನಾನು ಬಾಯಿಬಿಟ್ಟುಕೊಂಡು ನೋಡಿದೆ. ಈ ಮನುಷ್ಯ ನಿವೃತ್ತಿಯ ಅಂಚಿನವರೆಗೂ ಒಂದು ಕಡತದಲ್ಲೂ ಸೋತವರಲ್ಲ. "ಭಟ್ಟರು ಏನಂದರು?"

"ನೋಡೋಣ ಅಂದರು."

ನಮ್ಮವರ ಬಾಯಲ್ಲಿ 'ನೋಡೋಣ' ಅಂದರೆ ಏನೂ ಆಗಬಹುದು, ನಿಮಗೂ ಗೊತ್ತಿದೆ. ಹೆಲ್ವಿಗೆ ಏನೂ ಹೇಳಲಿಲ್ಲ.

ಮದುವೆ ನಮ್ಮ ಕಾಲೋನಿಯ ಕಮ್ಯುನಿಟಿ ಹಾಲಿನಲ್ಲಿ. ಹೊರಗೆ ಕೈ ಚಾಚಿದರೆ ಕೈ ಕಾಣದಂಥ ಮಂಜು. ಬಂದ ನೆಂಟರೆಲ್ಲ ರೇಷ್ಮೆ ಪಂಚೆಯ ಮೇಲೆ ಕೋಟು, ತಲೆಗೆ ಮಂಕಿ ಕ್ಯಾಪು. ಎಯ್ನೋ ಒಬ್ಬರೇ ಬರಿಯ ಅಂಗಿಯಲ್ಲಿ ಆರಾಮಾಗಿದ್ದರು, ಅವರ ತಲೆಗೆ ನಮ್ಮನೆಯವರು ಮೈಸೂರು ಪೇಟ ತೊಡಿಸಿದ್ದರು. ಹೆಲ್ವಿ ಉಟ್ಟಿದ್ದು ನನ್ನ ನೀಲಿ ಕಾಂಜೀವರಂ. ಜನಕ್ಕೆಲ್ಲ ಅಕ್ಷತೆ ಹಂಚಿಯಾಗಿತ್ತು. ಅದು ಕೈಗೆ ಬಂದ ಕ್ಷಣದಿಂದ ನಮ್ಮ ಜನರ ಜೀವ ಕೈಯಲ್ಲಿರುತ್ತದೆ, ಎಲ್ಲಿ ಮುಹೂರ್ತ ತಪ್ಪಿಹೋಗುತ್ತದೋ ಅಂತ ಮುಷ್ಟಿ ಬಿಗಿಹಿಡಿದು ಕಾಯುತ್ತಾರೆ.

ಭಟ್ಟರು ಸಂಕಲ್ಪ ಶುರುಮಾಡಿದರು. ಜಂಬೂದ್ವೀಪ ಬಂತು, ಭರತಖಂಡ ಬಂತು, "ಗೋದಾವರ್ಯಾಃ ದಕ್ಷಿಣೇ ತೀರೇ" ಬಂತು. ನಾನು ನಮ್ಮನೆಯವರ ಮುಖ ನೋಡಿದೆ. ಯಮುನೆ ಗಂಟಲಿನವರೆಗೆ ಬಂದಿದ್ದಳು, ನುಂಗಿಕೊಂಡರು. ಭಟ್ಟರು ಓರೆಗಣ್ಣಿನಿಂದ ಅದನ್ನು ನೋಡಿದರು. ನಮ್ಮ ಕಡೆಯ ಗೋತ್ರ, ಹೆಸರುಗಳೆಲ್ಲ 'ವರಾಯ' ಅಂತ ಮುಗಿದವು. ಹೆಣ್ಣಿನ ಕಡೆಯದಕ್ಕೆ ಬಂದು ಭಟ್ಟರು ನಿಂತರು. ಕನ್ನಡಕ ಸರಿಮಾಡಿಕೊಂಡರು. ಒಂದು ಸಲ ಕೆಮ್ಮಿದರು.

"ಕುರ್ಕಿಲಂಪೀ ಗೋತ್ರೋತ್ಪನ್ನಾಂ..."

ಮಣೆಯ ಮೇಲೆ ಕೂತಿದ್ದ ಹೆಲ್ವಿ ತಟ್ಟನೆ ತಲೆಯೆತ್ತಿದರು. ಮರುಕ್ಷಣ ಎದ್ದು ನಿಂತುಬಿಟ್ಟರು, ನೆಟ್ಟಗೆ, ಕೈ ಎರಡೂ ಪಕ್ಕಕ್ಕೆ ಬಿಟ್ಟು. ಬೀಗಿತ್ತಿ ನಿಂತಿರುವಾಗ ನಾನು ಕೂತಿರುವುದು ಹೇಗೆ? ನಾನೂ ಎದ್ದೆ. ನಾನು ಎದ್ದದ್ದು ನೋಡಿ ನಮ್ಮನೆಯವರು ಎದ್ದರು. ಗಂಡು ಹೆಣ್ಣಿನ ತಾಯಂದಿರಿಬ್ಬರೂ ಎದ್ದರು ಅಂದರೆ ಮುಹೂರ್ತವೇ ಬಂತು ಅಂತ ಹಾಲಿಗೆ ಹಾಲೇ ಎದ್ದಿತು. ಹಿಂದಿನ ಸಾಲಿನಿಂದ ಯಾರೋ ಆತುರಗಾರರು ಅಕ್ಷತೆ ಬೀರಿದರು. ಅಷ್ಟೇ ಸಾಕಿತ್ತು, ಮುಷ್ಟಿಗಳೆಲ್ಲ ಬಿಚ್ಚಿಕೊಂಡವು. ಅಕ್ಷತೆ ಕಂಡು ನಾಗಸ್ವರದವರು ಗಟ್ಟಿಮೇಳ ಬಾರಿಸಿಯೇಬಿಟ್ಟರು. ಅಷ್ಟೂ ಅಕ್ಷತೆ ಹೋಗಿ ಬಿದ್ದದ್ದು ಎತ್ತರಕ್ಕೆ ನಿಂತಿದ್ದ ಹೆಲ್ವಿಯ ಮೇಲೆ.

"ನಿಲ್ಲಿಸಿ ಮಾರಾಯ್ರೇ!" ಭಟ್ಟರು ಎರಡೂ ಕೈಯೆತ್ತಿ ಕೂಗಿದರು. "ತಾಳಿ ಇನ್ನೂ ತಟ್ಟೆಯಲ್ಲೇ ಉಂಟು! ಕೂತುಕೊಳ್ಳಿ ಎಲ್ಲ!"

ಮೇಳ ನಿಂತಿತು. ಆದರೆ ಯಾರೂ ಕೂರಲಿಲ್ಲ. ಬೀಗಿತ್ತಿ ನಿಂತೇ ಇದ್ದರಲ್ಲ. ಅವರ ಬಿಳಿ ಗುಂಗುರಿನ ತುಂಬ ಅರಿಸಿನದ ಅಕ್ಕಿ. ನನ್ನ ಕಡೆ ಬಾಗಿ, ಮೆಲ್ಲಗೆ ಕೇಳಿದರು, "ನಿಮ್ಮಲ್ಲೂ ಇದಕ್ಕೆ ಎದ್ದು ನಿಲ್ಲುತ್ತಾರಾ?"

ಒಂದು ಕ್ಷಣ ಹಾಲಿನ ಕಡೆ ನೋಡಿದೆ. ಕಾಲೋನಿಯ ಪಂಜಾಬಿಗಳು, ಕಿದ್ವಾಯಿ ನಗರದ ಹಳೆಯ ನೆರೆಯವರು, ತಿಪಟೂರಿನಿಂದ ರೈಲಿನಲ್ಲಿ ಬಂದ ಭಾವ, ಎಲ್ಲರೂ ನಿಂತಿದ್ದರು, ಯಾಕೆ ಅಂತ ಒಬ್ಬರಿಗೂ ಗೊತ್ತಿರಲಿಲ್ಲ.

"ನಿಲ್ಲುತ್ತೇವೆ" ಅಂದೆ.

ಮೂರು ಸಲ ಹೇಳಬೇಕಾದ ಮಂತ್ರ, ಇನ್ನೂ ಎರಡು ಬಾಕಿ ಇತ್ತು. ಭಟ್ಟರು ಶಾಲು ಸರಿಮಾಡಿಕೊಂಡು, ಈ ಸಲ ಗಂಟಲು ತೆರೆದು, ಹಿಂದಿನ ಸಾಲಿಗೂ ಕೇಳುವ ಹಾಗೆ ಕುರ್ಕಿಲಂಪಿ ಅಂದರು. ಎಯ್ನೋ ತಲೆಯ ಮೇಲಿನ ಮೈಸೂರು ಪೇಟವನ್ನು ಎರಡೂ ಕೈಯಿಂದ ಮೆಲ್ಲಗೆ ತೆಗೆದು ಎದೆಗೆ ಹಿಡಿದುಕೊಂಡರು. ಹೆಣ್ಣಿನ ತಂದೆ ಪೇಟ ತೆಗೆದದ್ದು ನೋಡಿ, ಇದೂ ಒಂದು ಶಾಸ್ತ್ರ ಇರಬೇಕು ಅಂದುಕೊಂಡು, ಆ ಕೊರೆಯುವ ಚಳಿಯಲ್ಲಿ ನಮ್ಮ ಗಂಡಸರೆಲ್ಲ ಒಬ್ಬೊಬ್ಬರಾಗಿ ಮಂಕಿ ಕ್ಯಾಪು ತೆಗೆದರು. ಮೂರನೆಯ ಸಲವನ್ನು ಎಲ್ಲರೂ ಬರಿತಲೆಯಲ್ಲಿ, ನಿಂತುಕೊಂಡೇ ಕೇಳಿದರು.